ಕೊನೆಯ ರಕ್ತದ ಚೀಲ

ಹೆರಿಗೆಯಾದ ಹೆಂಡತಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಅವಳದು ಅಪರೂಪದ ಗುಂಪಿನ ರಕ್ತ. ಗಂಡ ಎರಡು ತಾಸಿನಿಂದ ರಕ್ತನಿಧಿಗಳನ್ನು ಅಲೆಯುತ್ತಿದ್ದ; ಮೊಬೈಲಿನ ಚಾರ್ಜೂ ಮುಗಿದಿತ್ತು. ಒಂದು ಕಡೆ 'ಖಾಲಿ' ಎಂದರು, ಇನ್ನೊಂದು ಕಡೆ 'ಸ್ಟಾಕಿಲ್ಲ'. ಮೂರನೆಯ ಕಡೆ, "ಒಂದೇ ಇತ್ರೀ. ಈಗಷ್ಟೇ ಆ ಅಕ್ಕಾರು ಒಯ್ದ್ರು" ಎಂದರು.

ಗೇಟಿನ ಬಳಿ ಅವನು ರಕ್ತದ ಚೀಲ ಹಿಡಿದು ಹೊರಟಿದ್ದ ಆ ಹೆಂಗಸಿನ ಕಾಲಿಗೆ ಬಿದ್ದ.

"ನನಗ ಕೊಡ್ರೀ ಅಕ್ಕಾ, ಹೆಂಡ್ತಿ ಸಾಯಾಕತ್ತಾಳ."

"ಅಲ್ಲೂ ಒಬ್ಬಾಕಿ ಸಾಯಾಕತ್ತಾಳಪಾ."

ಅವನು ಚೀಲಕ್ಕೇ ಕೈಹಾಕಿದ. ಅವಳು ಅದನ್ನು ಎದೆಗೆ ಅವಚಿಕೊಂಡಳು.

"ಈಗಷ್ಟೇ ಹಡದಾಳ್ರೀ ನನ್ನ ಕಸ್ತೂರಿ!" ಅವನು ಚೀರಿದ.

ಹೆಂಗಸು ಅವನನ್ನೇ ದಿಟ್ಟಿಸಿದಳು.

"ಕಸ್ತೂರಿ ಗಂಡ ನೀನೇನು? ಎಲ್ಲಿ ಹೋಗಿದ್ಯೋ? ನಾ ಆಕಿ ಆಸ್ಪತ್ರಿ ಆಯಾ; ನಿನ್ನ ಫೋನ್ ಹತ್ತವಲ್ದು ಅಂತ ಡಾಕ್ಟ್ರು ನನ್ನ ಕಳಿಸ್ಯಾರ. ಇದು ಆಕೀಗೇ, ನಡಿ!"