ಹಸಿರು ಚುಕ್ಕಿ

ಕೆಲಸಕ್ಕೆ ಸೇರಿ ಐದು ತಿಂಗಳಾದರೂ ನನಗೆ ಯಾವ ಪ್ರಾಜೆಕ್ಟೂ ಸಿಕ್ಕಿರಲಿಲ್ಲ. ಸುಮ್ಮನೆ ಕೂರಲಾರದೆ ನನ್ನದೇ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಐದು ನಿಮಿಷ ಲ್ಯಾಪ್‌ಟಾಪ್ ಮುಟ್ಟದಿದ್ದರೆ ಆಫೀಸಿನ ಚಾಟ್‌ನಲ್ಲಿ ನಮ್ಮ ಹೆಸರಿನ ಪಕ್ಕದ ಹಸಿರು ಚುಕ್ಕಿ ಹಳದಿಗೆ ತಿರುಗುತ್ತಿತ್ತು. ನನ್ನ ಪ್ರೋಗ್ರಾಂ ಅದನ್ನು ತಿರುಗಲು ಬಿಡುತ್ತಿರಲಿಲ್ಲ.

ಅದನ್ನು ಕೊಟ್ಟಿದ್ದು ಒಬ್ಬರಿಗೆ ಮಾತ್ರ. ನನಗೆ ಕೆಲಸ ಕಲಿಸುತ್ತಿದ್ದ ಸೀನಿಯರ್. ಒಂಟಿಯಾಗಿದ್ದರು, ಮನೆಯಿಂದಲೇ ಕೆಲಸ ಮಾಡುತ್ತಿದ್ದರು. "ಎದ್ದು ಒಂದು ಲೋಟ ಕಾಫಿ ಮಾಡ್ಕೊಂಡು ಬರೋಷ್ಟರಲ್ಲಿ ಚುಕ್ಕಿ ಹಳದಿಯಾಯ್ತು, ಎಲ್ಲಿದ್ದೀರಿ ಅಂತ ಮೇಡಂ ಫೋನ್ ಮಾಡ್ತಾರಪ್ಪ," ಅಂದಿದ್ದರು.

ಸೋಮವಾರ ಮ್ಯಾನೇಜರ್ ಮೇಡಂ ನನ್ನನ್ನು ಒಳಗೆ ಕರೆದರು.

"ಶನಿವಾರ ನಿಮ್ಮ ಸೀನಿಯರ್ ಮನೆಗೆ ಹೋಗಿದ್ದೆ. ಅವರ ಲ್ಯಾಪ್‌ಟಾಪಲ್ಲಿ ಒಂದು ಪ್ರೋಗ್ರಾಂ ಓಡ್ತಾ ಇತ್ತು. ಮೇಲೆ ನಿನ್ನ ಹೆಸರಿತ್ತು."

ಕೆಲಸ ಹೋಯಿತು ಅಂದುಕೊಂಡೆ. "ತಪ್ಪಾಯ್ತು ಮೇಡಂ."

"ಎಷ್ಟು ಹೊತ್ತು ಓಡುತ್ತೆ ಅದು?"

"ನಾವಾಗಿ ನಿಲ್ಲಿಸೋವರೆಗೂ."

ಅವರು ತಲೆಯಾಡಿಸಿದರು. ಬೈಯಲಿಲ್ಲ.

"ಗುರುವಾರ ಮೆಸೇಜ್ ಮಾಡಿದ್ದೆ, ಉತ್ತರ ಬರ್ಲಿಲ್ಲ. ಚುಕ್ಕಿ ಹಸಿರಿದೆಯಲ್ಲ, ಕೆಲಸದಲ್ಲಿ ಮುಳುಗಿರ್ತಾರೆ ಅಂತ ಸುಮ್ಮನಾದೆ. ಶುಕ್ರವಾರವೂ ಹಾಗೇ."

"ಸರ್‌ದೇನೂ ತಪ್ಪಿಲ್ಲ ಮೇಡಂ, ಹಾಕ್ಕೊಟ್ಟಿದ್ದು ನಾನು. ಅವರನ್ನೇನೂ ಅನ್ಬೇಡಿ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬಾಗಿಲು ಒಡೆಸಿ ಒಳಗೆ ಹೋದ್ವಿ ಕಣೋ. ಬುಧವಾರ ಮಧ್ಯಾಹ್ನವೇ ಹೋಗಿಬಿಟ್ಟಿದ್ದಾರೆ ಅಂದ್ರು ಡಾಕ್ಟರ್."