ಒನ್ಯಾಂಗನ ನಗು

ಶವಪೆಟ್ಟಿಗೆಯಲ್ಲಿ ಮಲಗಿದ್ದ ಗೆಳೆಯ ಒನ್ಯಾಂಗನ ತುಟಿಗೆ ರಂಗು ಹಚ್ಚುತ್ತ ಮುದಿ ಎಫ್ರೆನ್ ತಮ್ಮ ಗುಟ್ಟುಭಾಷೆಯಲ್ಲಿ ಒಂದು ಪೋಲಿ ಜೋಕು ಹೇಳಿದ. ಮನಿಲಾದ ತಮ್ಮ ಬ್ಯೂಟಿ ಪಾರ್ಲರಿನಲ್ಲಿ ಗಿರಾಕಿಗಳನ್ನು ಎದುರಿಗೇ ಆಡಿಕೊಂಡು ನಗಲು ಗೆಳೆಯರೆಲ್ಲ ಸೇರಿ ಕಟ್ಟಿದ್ದ ಭಾಷೆ ಅದು. ಕಟ್ಟಿದವರಲ್ಲಿ ಕೊನೆಗೆ ಉಳಿದಿದ್ದವರು ಇವರಿಬ್ಬರೇ. ಜೋಕು ಮುಗಿಸಿದವನು ಅಭ್ಯಾಸಬಲದಿಂದ ನಗುವಿಗಾಗಿ ಕಾದ.

ಅಲ್ಲಿನ ರೂಢಿಯಂತೆ ಇಸ್ಪೀಟಾಡುತ್ತ ಹೆಣ ಕಾಯುತ್ತಿದ್ದ ಪಾರ್ಲರಿನ ಹೊಸ ಹುಡುಗರು ತಲೆಯೆತ್ತಿದರು. ಹಳಬರಂತೆ ಅವರೂ ಒಬ್ಬರನ್ನೊಬ್ಬರು ಹೆಣ್ಣೆಂದೇ ಕರೆಯುವವರು. "ಏನಂದ್ರಿ ಮದರ್? ಅಜ್ಜಿ ಕಾಲದ ಮಾತು, ಒಂದಕ್ಷರ ತಿಳೀಲಿಲ್ಲ!" ಎಂದ ಜೊಮಾರ್. "ಬಿಡಿಸಿ ಹೇಳಿ, ನಾವೂ ನಗ್ತೀವಿ."

"ಬಿಡಿಸಿ ಹೇಳಿದ್ಮೇಲೆ ನಗೋಕೇನಿರುತ್ತೆ ಕಣೇ? ನೀನು ಎಲೆ ಹಾಕು."

ಎಫ್ರೆನ್ ಮತ್ತೆ ಪೆಟ್ಟಿಗೆಯ ಮೇಲೆ ಬಾಗಿದ. ಲಿಪ್‌ಸ್ಟಿಕ್ಕನ್ನು ಒನ್ಯಾಂಗನ ತುಟಿಯ ಎರಡೂ ಕೊನೆಗಳಿಂದ ಕೂದಲೆಳೆಯಷ್ಟು ಮೇಲಕ್ಕೆಳೆದು, ಅವನನ್ನು ನಗಿಸಿದ.