ಸೋಮವಾರದ ಬಿಡುವು

ಗಾಣದ ಎತ್ತನ್ನು ಕಂಡರೆ ನಿಂಬೆವ್ವನಿಗೆ ಸವತಿಯನ್ನು ಕಂಡಂತಾಗುತ್ತಿತ್ತು. ಆರು ದಿನ ಇಬ್ಬರದೂ ಒಂದೇ ದುಡಿತ. ಅದು ಗಾಣ ಸುತ್ತಿದರೆ ಇವಳು ನೀರು ಹೊತ್ತು, ಜೋಳ ಬೀಸಿ, ಹಿಂಡಿ ಬಳಿಯುತ್ತಿದ್ದಳು. ಆದರೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಅಂದು ಅದು ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಅದರ ಮೈ ತಿಕ್ಕಿ ತೊಳೆಯುವ ಕೆಲಸ ಇವಳ ಪಾಲಿಗೆ ಹೆಚ್ಚುವರಿಯಾಗಿ ಬರುತ್ತಿತ್ತು.

"ನನಗೂ ಒಂದ್ ಸೋಮವಾರ ಬ್ಯಾಡೇನು?" ಎಂದರೆ ಗಂಡ ನಗುತ್ತಿದ್ದ. "ನೀ ಏನ್ ಎತ್ತೇನ? ಅದು ಬಸವಣ್ಣ."

ಊರಿಗೆ ಕರೆಂಟು ಬಂದದ್ದೇ ತಡ, ಅವಳು ಹಟ ಹಿಡಿದಳು. "ಗಾಣಕ್ಕ ಮೋಟರ್ ತರ್ರಿ. ಅದಕ್ಕ ಮೇವು ಬ್ಯಾಡ, ಮೈ ತೊಳ್ಯೂದು ಬ್ಯಾಡ, ವಾರ ಇಲ್ಲ, ದಿನ ಇಲ್ಲ."

ಎರಡು ವರ್ಷ ಬೆನ್ನು ಹತ್ತಿದ ಮೇಲೆ ಮೋಟರ್ ಬಂತು. ಎತ್ತು ಅವಳ ತಮ್ಮನ ಹೊಲಕ್ಕೆ ಹೋಯಿತು. ಅದು ಓಣಿ ತಿರುಗುವ ತನಕ ನಿಂತು ನೋಡಿ, ಕೈ ಕೊಡವಿಕೊಂಡು ಒಳಗೆ ಬಂದಳು.

ತೊಳೆಯಲು ಎತ್ತಿಲ್ಲದ ಮೊದಲ ಸೋಮವಾರ ಅವಳು ಎಲೆ-ಅಡಿಕೆ ಹಿಡಿದು ಕಟ್ಟೆಯ ಮೇಲೆ ಕೂತಳು. ಗಾಣದ ಕಡೆಯಿಂದ ಸದ್ದೇ ಇರಲಿಲ್ಲ.

"ಯಾಕ್ರಿ, ಕರೆಂಟ್ ಇಲ್ಲೇನು?"

"ಐತಿ. ದಿನಾ ಓಡಿದ್ರ ಮೋಟರ್ ಸುಡತೈತಂತ. ವಾರಕ್ಕೊಂದಿನ ಬಿಡುವು ಕೊಡ್ರಿ ಅಂತ ಮಿಸ್ತ್ರಿ ಹೇಳ್ಯಾನ. ಸೋಮವಾರಾನ ಇರ್ಲಿ ಅಂದೆ," ಎಂದ ಗಂಡ, ಹಳೆಯ ಅರಿವೆಯ ತುಂಡೊಂದನ್ನು ಅವಳ ಮಡಿಲಿಗೆ ಎಸೆದ. "ಏಳು, ಅದರ ಮೈ ಒರಸು."